ಎರಡು ಗೇಣು

ಎರಡು ವಾರ ಮುಂಚೆಯೇ ಕಾಗದ ಬಂದಿತ್ತು.
ಹಾಗಾಗಿ ಆ ಎರಡು ವಾರ
ನಾವು ಯಾರೂ ಮನುಷ್ಯರ ಹಾಗಿರಲಿಲ್ಲ.
ಡಾಕ್ಟರ್ ನ್ಯಾನ್‌ಕ್ಯಾರೋ ಮೇಜಿನ ಖಾನೆಯಿಂದ
ಅವಧಿ ಮೀರಿದ ಮೂರು ಸಿರಿಂಜು, ಅರ್ಧ ಪೊಟ್ಟಣ ಬಿಸ್ಕತ್ತು,
ತೀರಿಹೋದ ರೋಗಿಯೊಬ್ಬಳ ಕ್ರಿಸ್‌ಮಸ್ ಕಾರ್ಡು ಹೊರತೆಗೆದು
ಕಾರ್ಡನ್ನು ಮಾತ್ರ ಮತ್ತೆ ಒಳಗಿಟ್ಟರು.
ನರ್ಸ್ ಕೆರೆನ್ಸಾ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಲಸಿಕೆ ಸೀಸೆಗಳ ಜಾತಕ ಬರೆದಳು.
ಎರಡು ಡಿಗ್ರಿಗಿಂತ ಕೆಳಗಿಳಿಯಬಾರದು, ಎಂಟಕ್ಕಿಂತ ಮೇಲೇರಬಾರದು.
ನನ್ನ ಮದುವೆಯೂ ಹಾಗೇ ಇತ್ತು ಎಂದೆ.
ಅವಳು ನಗಲಿಲ್ಲ. ಎಣಿಸುತ್ತಿದ್ದಳು.

ನನ್ನ ಪಾಲಿಗೆ ಕಡತ, ಕುರ್ಚಿ, ನಲ್ಲಿ.
ಮೂರನೇ ಕೋಣೆಗೆ ಡಾಕ್ಟರಿಲ್ಲ,
ಜಾಹೀರಾತು ಕೊಟ್ಟು ಹದಿನಾಲ್ಕು ತಿಂಗಳು.
ಮೂರು ಕಡೆ ಕಡಲಿರುವ ಕಾರ್ನ್‌ವಾಲಿನ ಈ ತುದಿಗೆ
ಯಾರು ಬರುತ್ತಾರೆ?
ಆದರೂ ನಿಂತ ನೀರಲ್ಲಿ ರೋಗ ಹುಟ್ಟುತ್ತದೆ, ಅದಕ್ಕೊಂದು ನಿಯಮವಿದೆ.
ಸೋಮವಾರ ಸೋಮವಾರ ಬೀಗ ತೆಗೆದು
ಯಾರೂ ಕೈ ತೊಳೆಯದ ಬೇಸಿನ್ನಿಗೆ
ಎರಡು ನಿಮಿಷ ನೀರು ಬಿಟ್ಟು ನಿಲ್ಲುತ್ತೇನೆ.
ಆಮೇಲೆ ಸಹಿ. ಒಂದು ವಾರವೂ ತಪ್ಪಿಲ್ಲ.
ಅದನ್ನು ತೋರಿಸಲು ಕಾದಿದ್ದೆ.

ಬಂದವಳು ಓಲಿವ್ ಅಚ್ಯಾಂಪೊಂಗ್,
ಬ್ರಿಸ್ಟಲ್‌ನಿಂದ ರೈಲಲ್ಲಿ, ಒದ್ದೆ ಶೂ ಹಾಕಿಕೊಂಡು.
ಚಹಾ ಬೇಡ ಎಂದಳು.
ಅಲ್ಲಿಗೇ ನಮ್ಮ ಅರ್ಧ ಜೀವ ಹೋಯಿತು.
ಆಮ್ಲಜನಕದ ಸಿಲಿಂಡರಿನ ಕೊರಳು ತಿರುವಿದಳು,
ಸೂಜಿ ಎಸೆಯುವ ಹಳದಿ ಡಬ್ಬಿಯ ತಾರೀಖು ಓದಿದಳು,
ನನ್ನ ನಲ್ಲಿ ಪುಸ್ತಕದ ಹಾಳೆ ಮಗುಚಿ
"ಸರಿ" ಎಂದಳು.
ಹದಿನಾಲ್ಕು ತಿಂಗಳಿಗೆ ಎರಡಕ್ಷರ.

ಆಮೇಲೆ ರೋಗಿಗಳ ಶೌಚಾಲಯ.
ಬಾಗಿಲು ತೆರೆದೇ ಇತ್ತು.
ಕೋಟು ಬಿಚ್ಚಿ ಕೊಕ್ಕೆಗೆ ಸಿಕ್ಕಿಸಿ
ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ,
ಆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.
ಕೆನ್ನೆ ತಣ್ಣನೆ ಟೈಲ್ಸಿಗೆ.
ಬಿದ್ದವರ ಹಾಗೆ ಎಡಗೈ ಚಾಚಿದಳು
ಕೆಂಪು ಹಗ್ಗಕ್ಕೆ,
ಬಿದ್ದವರು ಎಳೆದರೆ ನನ್ನ ಮೇಜಿನಲ್ಲಿ ಬಡಿದುಕೊಳ್ಳುವ ಗಂಟೆಯ ಹಗ್ಗಕ್ಕೆ.
ಬೆರಳಿಗೂ ಅದಕ್ಕೂ ನಡುವೆ
ಎರಡು ಗೇಣು.

ಮೇಲಕ್ಕೆ ಕಟ್ಟಿದ್ದು ನಾನೇ.
ಮಕ್ಕಳು ಎಳೆದಾಡಿ ದಿನಕ್ಕೆ ಆರು ಸಲ ಅರಚುತ್ತಿತ್ತು.
ಒರೆಸುವ ಕೋಲಿಗೆ ಸುತ್ತಿಕೊಳ್ಳುತ್ತದೆಂದು ಕಸ ಗುಡಿಸುವವಳ ಗೊಣಗು ಬೇರೆ.
ಅಪ್ಪ ದೋಣಿಯಲ್ಲಿ ಕಲಿಸಿದ ಗಂಟು ಅದು,
ಬಿರುಗಾಳಿಗೂ ಜಗ್ಗದ್ದು.
ಹಾಕಿ, ಕೈ ಕೊಡವಿ, ಬೀಗಿದ್ದೆ ಕೂಡ.

ಜನವರಿಯಲ್ಲಿ ಮುದುಕ ಜಾಗೊ ಟ್ರೆಂಬಾತ್ ಅಲ್ಲೇ ಜಾರಿದ್ದ.
ಮಂಡಿ ತರಚಿತ್ತು, ಅಷ್ಟೆ; ಹಾಗೇ ಬರೆದುಕೊಂಡೆವು.
ಯಾಕೆ ಕೂಗಲಿಲ್ಲ ಎಂದರೆ
ನಿಮಗೆ ಕೆಲಸ ಇತ್ತಲ್ಲ ಎಂದಿದ್ದ.
ಎಷ್ಟು ಹೊತ್ತು ಬಿದ್ದಿದ್ದ?
ನಮ್ಮ ನಮೂನೆಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ.

ಓಲಿವ್ ಎದ್ದಳು, ಮಂಡಿ ಒರೆಸಿಕೊಂಡಳು,
ಉಗುರಲ್ಲಿ ಗಂಟು ಕೆದಕಿದಳು, ಬರಲಿಲ್ಲ.
ನಾನೇ ಹೋಗಿ ಬಿಚ್ಚಿದೆ.
ಇಷ್ಟು ಸಲೀಸಾಗಿ ಬಿಚ್ಚಿದ್ದೇ ತಪ್ಪೊಪ್ಪಿಗೆಯಾಯಿತು.
ಅವಳು ಕೇಳಲಿಲ್ಲ, ಬರೆದುಕೊಂಡಳು.

ವರದಿ ಬಂತು, ಮೂವತ್ತೊಂದು ಪುಟ.
ಕಾಳಜಿ: ಉತ್ತಮ. ಸುರಕ್ಷತೆ: ಸುಧಾರಿಸಬೇಕು.
ಊರವರಿಗೆ ನಮ್ಮ ಪರವಾಗಿ ಸಿಟ್ಟು.
ಮೀನಿನಂಗಡಿಯಲ್ಲಿ ಒಬ್ಬ, ಒಂದು ದಾರಕ್ಕೆ ಇಷ್ಟು ರಾದ್ಧಾಂತವೇ ಎಂದ.
ಹೌದೆನ್ನಲು ಬಾಯಿ ತೆರೆದೆ,
ಚಿಲ್ಲರೆ ಎಣಿಸಿಕೊಂಡು ಬಂದೆ.

ಮೊನ್ನೆ ಜಾಗೊ ರಕ್ತದೊತ್ತಡಕ್ಕೆ ಬಂದ.
ಶೌಚಾಲಯದಿಂದ ಹೊರಬರುತ್ತಾ
ಹಗ್ಗದ ತುದಿ ನೆಲಕ್ಕೆ ಬಿಡಬಾರದು ಹುಡುಗಿ,
ನಿಮ್ಮಪ್ಪ ಕಲಿಸಲಿಲ್ಲವೇ ಎಂದು ಗದರಿದ.
ಇದು ದೋಣಿಯಲ್ಲ ಎಂದೆ.
ಆಮೇಲೆ, ತಡವಾಗಿ, ಕೇಳಿದೆ:
ಅವತ್ತು ಎಷ್ಟು ಹೊತ್ತು?

ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಲೆಕ್ಕ ಹಾಕಿದ.
ನಿನ್ನ ರೇಡಿಯೋದಲ್ಲಿ ಮೂರು ಹಾಡು,
ಆಮೇಲೆ ಕಡಲ ಹವಾಮಾನ,
ಪೂರ್ತಿ.