ನಡುಹಗಲಿನ ಗಾಡಿ

ಬೊಲ್ದಿಜಾರ್ ಬರೆದ: ಐದು ಸಲ ಹಿಡಿದೆ ಅದನ್ನು,
ಐದೂ ಸಲ ರಾತ್ರಿ ಹನ್ನೊಂದೂವರೆಯ ಆಸುಪಾಸು,
ಒಂದು ರಾತ್ರಿ ಬಿಟ್ಟು ಒಂದು ರಾತ್ರಿ.
ವಿಜಯಸಾರಥಿಯ ಮೊಣಕೈ ಬಳಿ, ಬರಿಗಣ್ಣಿಗೆ ದಕ್ಕದ ಚುಕ್ಕಿ.
ಜೊತೆಗಿರುವ ಮಬ್ಬಿನದು ಅಡ್ಡ ಹಾಯುತ್ತದೆ,
ಮೂರು ತಾಸು ಮಂಕು, ಆಮೇಲೆ ಏನೂ ಆಗದಂತೆ.

ಮೂವತ್ತು ವರ್ಷ ಹಂಗೇರಿಯ ಬಯಲಲ್ಲಿ
ರೈಲಿನ ವೇಳಾಪಟ್ಟಿ ಬರೆದ ಕೈ ಅವನದು.
'ಎರಡು ದಿನಕ್ಕೊಂದು ಸಲ ಬರುವ ಗಾಡಿಯೋ,
ಎರಡು ದಿನಕ್ಕೆ ಮೂರು ಸಲವೋ?
ನಡುವಿನವೆರಡು ಇದ್ದರೆ ಬೆಳಕಿದ್ದಾಗ ಬರುತ್ತವೆ,
ಆಗ ನನ್ನ ನಿಲ್ದಾಣಕ್ಕೆ ಬೀಗ.
ಸಿನ್ನೆವೆ, ನಿನ್ನೂರಲ್ಲಿ ಈಗ ಹಗಲಿಲ್ಲವಲ್ಲ,
ಕೈಗಡ ಕೊಡು ಒಂದಿಷ್ಟು ಕತ್ತಲೆ.'

ಕೈಗಡ! ಇಲ್ಲಿ ಸ್ವಾಲ್‌ಬಾರ್ಡಿನಲ್ಲಿ
ಅಕ್ಟೋಬರಿನಿಂದ ಕೇಳುವವರಿಲ್ಲದೆ ಬಿದ್ದಿದೆ.
ವಿದ್ಯುತ್ ಸ್ಥಾವರದಲ್ಲಿ ಮುಳ್ಳು ನೋಡುವ ಕೆಲಸ ನನ್ನದು,
ನಡುಗುವ ಮುಳ್ಳು ಎಲ್ಲಿ ನಿಂತಿತೆಂದು ಹೇಳಬಲ್ಲೆ.
ಹೂಂ ಅಂದೆ.

ಮೊದಲ ಮಧ್ಯಾಹ್ನ ಮೋಡ. ಎರಡನೆಯದಕ್ಕೆ
ಧ್ರುವಪ್ರಭೆ ಆಕಾಶವಿಡೀ ಹಸಿರು ಬಟ್ಟೆ ಒಣಹಾಕಿತು.
ಪ್ರವಾಸಿಗರು ಕುಣಿದರು. ನಾನು ಬೈದುಕೊಂಡು ಬಂದೆ.

ಮೂರನೆಯ ಸಲ ಪಿಮ್‌ಚಾನ್ ಜೊತೆಯಾದಳು,
ಹೋಟೆಲಿನ ಹಾಸಿಗೆಗಳನ್ನೆಲ್ಲ ಬದಲಿಸಿ,
ಥರ್ಮಾಸಿನಲ್ಲಿ ನಿಂಬೆಹುಲ್ಲಿನ ಕಷಾಯ ಹಿಡಿದು.
ಥಾಯ್ಲೆಂಡಿನವಳು, ಚಳಿಗೆ ನನಗಿಂತ ಗಟ್ಟಿ.
ಊರ ದೀಪ ಮುಗಿಯುವಲ್ಲಿ ಹಿಮಸಾರಂಗದ ತೊಗಲು ಹಾಸಿ
ಮಲಗಿದೆ, ಕಣ್ಣಿಗೆ ಬೈನಾಕ್ಯುಲರ್.
ಪಕ್ಕದಲ್ಲಿ ಅವಳು, ತೊಡೆಯ ಮೇಲೆ ಕರಡಿಗೆಂದು ಕೋವಿ,
ಕೈಯಲ್ಲಿ ಪೆನ್ಸಿಲು. ಶಾಯಿ ಇಲ್ಲಿ ಹೆಪ್ಪುಗಟ್ಟುತ್ತದೆ.

ಎಡಕ್ಕೆ ಏಳನೆಯ ದರ್ಜೆಯ ಚುಕ್ಕಿ, ಬಲಕ್ಕೆ ಎಂಟನೆಯದು,
ನಮ್ಮದು ಇವೆರಡರ ನಡುವೆ ಎಲ್ಲಿ?
ಎರಡು ಗಂಟೆಗೆ: ಏಳು ಪಾಯಿಂಟ್ ಎರಡು.
ಎರಡೂಕಾಲು: ಎರಡೇ. ಇಲ್ಲ, ಮೂರೋ ಏನೋ.
ಆಸೆಯನ್ನು ಬರೆಯಬೇಡ ಅಂದಿದ್ದ ಬೊಲ್ದಿಜಾರ್.
ಎರಡೆಂದೇ ಬರೆಸಿದೆ.
ಎರಡೂ ಐವತ್ತು: ನಾಲ್ಕು.
'ಮಂಕಾದಷ್ಟೂ ಅಂಕಿ ಏರುತ್ತದಲ್ಲ,
ಇದೆಂಥ ಲೆಕ್ಕ?' ಅಂದಳು ಪಿಮ್‌ಚಾನ್.
ಮಾತಾಡಿದರೆ ಉಸಿರು ಗಾಜಿಗೆ ಕಟ್ಟುತ್ತದೆ,
ಬೆರಳು ತೋರಿಸಿದೆ: ಆರು.
ಮೂರೂವರೆ: ಬಲದ ಚುಕ್ಕಿಗೂ ಇದಕ್ಕೂ ಭೇದವಿಲ್ಲ.
ಅದೇ ಹೊತ್ತಿಗೆ ಹಂಗೇರಿಯ ಬಯಲಲ್ಲಿ ಇಳಿಬಿಸಿಲು,
ಅದರಾಚೆ ಇದೇ ಚುಕ್ಕಿ, ಇದೇ ಕುಸಿತ,
ಅವನು ಕೋಳಿಗೂಡು ಮುಚ್ಚುತ್ತಿರಬಹುದು.
ನಾಲ್ಕರ ಮೇಲೆ ನಿಧಾನ ಏರತೊಡಗಿತು.
ಪಿಮ್‌ಚಾನ್ ಯಾಕೋ ಚಪ್ಪಾಳೆ ತಟ್ಟಿದಳು,
ಕೈಗವಸಿನೊಳಗೆ, ಸದ್ದಿಲ್ಲದೆ.

ಮರುದಿನ ಬೆಳಗ್ಗೆ ಏಳೂವರೆಗೂ ಹಿಡಿದೆ, ಒಬ್ಬಳೇ.

ಅವನ ಉತ್ತರ: 'ಭೂಮಿ ಸೂರ್ಯನ ಯಾವ ಬದಿಗಿತ್ತೋ
ಅದಕ್ಕೂ ಕೆಲವು ನಿಮಿಷ ತಿದ್ದಿದೆ.
ಹದಿನಾರು ತಾಸು, ಅರ್ಧ ನಿಮಿಷ ಕಮ್ಮಿ.
ನಲವತ್ತೆಂಟೆಂದು ಬರೆದಿಟ್ಟಿದ್ದೆ, ಅದೂ ಶಾಯಿಯಲ್ಲಿ.
ಮೂರರಲ್ಲಿ ಎರಡು ಗಾಡಿ ಕಾಣದ ಗುಮಾಸ್ತ!
ನನ್ನ ಕಾಲದಲ್ಲಾದರೆ ಕೆಲಸ ಹೋಗುತ್ತಿತ್ತು.'

ಮಾರ್ಚಿನಲ್ಲಿ ಸೂರ್ಯ ಊರೊಳಗೆ ಬಂದ.
ಹಳೆಯ ಆಸ್ಪತ್ರೆಯ ಮೆಟ್ಟಿಲ ಬಳಿ ಊರಿಗೆ ಊರೇ ನಿಂತಿತ್ತು,
ಮಕ್ಕಳ ಕೆನ್ನೆಗೆ ಹಳದಿ ಬಣ್ಣ,
ಪಿಮ್‌ಚಾನಳ ಕೈಯಲ್ಲಿ ಬಿಸಿ ಬನ್ನು.
ಬಂತು ಬಂತು ಎಂದು ಎಲ್ಲರೂ ಕೂಗುವಾಗ
ಗಡಿಯಾರ ನೋಡಿಕೊಂಡೆ: ಒಂದಕ್ಕೆ ಮೂರು ನಿಮಿಷ.
ಬೆನ್ನು ತಿರುಗಿಸಿದೆ,
ಖಾಲಿ ನೀಲಿಯ ಒಂದು ಮೂಲೆಗೆ.
ಈಗ, ಅಲ್ಲಿ, ಅಂಚು ಕಚ್ಚತೊಡಗಿದೆ.