ಹನ್ನೊಂದು ನಿಮಿಷ

ಇಪ್ಪತ್ತೊಂದು ವರ್ಷ ಕಾಗದಗಳಿಗೆ ಠಸ್ಸೆ ಒತ್ತಿದ ಕೈ ಇದು.
ಈಗ ನನ್ನದೇ ಒಂದು ಹಳದಿ ಕಾರ್ಡು,
ಊರೂರಲ್ಲಿ ಯಾರೋ ಅದಕ್ಕೆ ಠಸ್ಸೆ ಒತ್ತಬೇಕು.
ಆರುನೂರು ಕಿಲೋಮೀಟರು, ನಲವತ್ತು ಗಂಟೆ,
ಶಿವಮೊಗ್ಗದಿಂದ ಹೊರಟು ಶಿವಮೊಗ್ಗಕ್ಕೇ.
"ಸುಮ್ನೆ ಇಲ್ಲೇ ಇರಬಹುದಿತ್ತಲ್ಲ," ಅಂದಳು ನಾದಿನಿ ಕುಮುದ.

ತಯಾರಿ ಅಂದರೆ ಮೊದಲು ಸುಳ್ಳು ಕಲಿಯುವುದು:
ಮೂರೂವರೆಗೆ ಎದ್ದು "ಹಾಲು ತರ್ತೀನಿ" ಅಂತ ಹೋಗಿ
ಮಂಡಗದ್ದೆ ಮುಟ್ಟಿ, ಹಾಲಿಲ್ಲದೆ ಬರುವುದು.
ಆಮೇಲೆ ಹಸಿವಾಗುವ ಮೊದಲೇ ತಿನ್ನಲು ಕಲಿಯುವುದು,
ಒಂದು ಕೈ ಹ್ಯಾಂಡಲ್ಲಿನಲ್ಲಿ, ಇನ್ನೊಂದರಲ್ಲಿ ಬಾಳೆಹಣ್ಣು,
ಸಿಪ್ಪೆ ಸುಲಿಯಲು ಹಲ್ಲು.
ಆಮೇಲೆ ನಿದ್ದೆಯನ್ನು ಅರೆದು ಪೊಟ್ಟಣ ಕಟ್ಟುವುದು,
ಹತ್ತು ನಿಮಿಷದ್ದೊಂದು, ಐದರದ್ದೊಂದು.
ಸೀಟಿನ ಹುಣ್ಣಿಗೆ ಮುಲಾಮು.
ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ನಾನು ಹೇಳ್ತೀನಿ:
ಇಡೀ ಪುರಾಣ ಶುರುವಾಗುವುದೇ ಅಲ್ಲಿಂದ.

ಎನ್.ಟಿ. ರಸ್ತೆಯ ಬಾಬಾಜಾನ್ ಚಕ್ರ ತಿರುಗಿಸಿ
ಕಣ್ಣು ಮುಚ್ಚಿ ಒಂದೊಂದೇ ಕಡ್ಡಿ ಮೀಟುತ್ತಾನೆ.
"ಇದೊಂದು ಅಪಸ್ವರ ಅಕ್ಕ." ಕಾಲು ಸುತ್ತು ಬಿಗಿಸಿ,
"ಈಗ ಘಟ್ಟ ಇಳೀರಿ. ಬ್ರೇಕು ಹಿಡ್ಕೊಂಡೇ ಇರ್ಬೇಡಿ,
ಹಿಡೀರಿ, ಬಿಡಿ. ಹಿಡೀರಿ, ಬಿಡಿ.
ರಿಮ್ಮು ಕಾದರೆ ಟ್ಯೂಬು ಗೊಟಕ್."

ಆಗುಂಬೆ ಇಳಿದದ್ದು ಹಗಲಲ್ಲಿ, ಹಿಡಿದು, ಬಿಟ್ಟು.
ಹುಲಿಕಲ್ ಏರುವಾಗ ರಾತ್ರಿ ಎರಡು ಗಂಟೆ.
ಮುಂದೆ ಭದ್ರಾವತಿಯ ಲೇತ್ ಸೆಲ್ವರಾಜನ ಕೆಂಪು ದೀಪ,
ತಿರುವಿಗೊಮ್ಮೆ ಆರಿ, ತಿರುವಿಗೊಮ್ಮೆ ಹತ್ತಿ.
ನನ್ನ ಬೆಳಕು ಎಷ್ಟಗಲವೋ ಅಷ್ಟೇ ಜಗತ್ತು:
ಬಿಳಿ ಗೆರೆ, ಒಂದು ಕಪ್ಪೆ, ಲಾರಿ ಕಾರಿದ ಎಣ್ಣೆ.
ಅಮ್ಮಾ ಅನ್ನುವುದಕ್ಕೂ ಉಸಿರು ಸಾಲದ ಏರು.
ಇಳಿದು ತಳ್ಳಿದೆ.
ತಳ್ಳಿದ್ದೂ ಲೆಕ್ಕಕ್ಕುಂಟು.

ಮಾಸ್ತಿಕಟ್ಟೆ ದಾಟಿದ ಮೇಲೆ ರಸ್ತೆ ತುಂಬ ಟಪಾಲು ಚೀಲಗಳು,
ಬಾಯಿ ಹೊಲಿಸಿಕೊಂಡು ಸಾಲಾಗಿ ಮಲಗಿದ್ದವು.
ಒಂದನ್ನೂ ಮುಟ್ಟದೆ ಸಂದಿಯಲ್ಲಿ ಸೈಕಲ್ ಹೊಡೆದೆ.
"ಏನ್ ಮೇಡಂ, ಹಾವಿನ ಥರ ಓಡಿಸ್ತೀರಿ?"
"ಚೀಲ," ಅಂದೆ.
ಸೆಲ್ವರಾಜ್ ಮರುಮಾತಾಡದೆ
ಬಸ್ ಸ್ಟಾಪಿನ ಕಲ್ಲುಬೆಂಚು ತೋರಿಸಿದ.
ಹತ್ತು ನಿಮಿಷದ ಪೊಟ್ಟಣ ಬಿಚ್ಚಿದೆ.

ಎದ್ದಾಗ ಚೆನ್ನಾಗಿ ಬೆಳಕಾಗಿತ್ತು. ಅವನಿರಲಿಲ್ಲ.
ಹೆಲ್ಮೆಟ್ಟಿನೊಳಗೆ ಎರಡು ಕಡಲೆಮಿಠಾಯಿ ಇಟ್ಟು ಹೋಗಿದ್ದ.
(ಮೂರು ಸಲ ಎಬ್ಬಿಸಿದ್ದನಂತೆ.
ನಾನು ಪಿನ್ ಕೋಡ್ ಕೇಳಿದೆನಂತೆ.)

ಸಾಗರದಲ್ಲಿ ಇಡ್ಲಿ, ಸೊರಬದ ಹತ್ತಿರ ಮುಳ್ಳು,
ಶಿಕಾರಿಪುರದಲ್ಲಿ ಯಾವುದೋ ಹುಡುಗಿ ನೀರು ತುಂಬಿಸಿ
"ಎಷ್ಟು ದುಡ್ಡು ಕೊಡ್ತಾರೆ ಆಂಟಿ?" ಅಂದಳು.
ಉತ್ತರ ಹುಡುಕುತ್ತಾ ಇಪ್ಪತ್ತು ಕಿಲೋಮೀಟರು ಕಳೆಯಿತು.

ಸವಳಂಗ ರಸ್ತೆಯ ದೀಪಗಳ ಕೆಳಗೆ ಬಂದು ನಿಂತಾಗ
ಒಂಬತ್ತು ಗಂಟೆ ಹನ್ನೊಂದು ನಿಮಿಷ.
ಗಡುವು ಒಂಬತ್ತಕ್ಕೇ ಮುಗಿದಿತ್ತು.
ಮೇಜಿನ ಹಿಂದೆ ಶ್ರೀವತ್ಸ, ಕೈಯಲ್ಲಿ ಠಸ್ಸೆ, ಮುಖದಲ್ಲಿ ಸಂಕಟ.
"ಎಂಟೂ ಐವತ್ತೆಂಟು ಅಂತ ಹಾಕ್ಲಾ ಅಕ್ಕ? ಯಾರಿಗ್ ಗೊತ್ತಾಗತ್ತೆ?"
ನಗು ಬಂತು. ಯಾರ ಹತ್ರ ಹೇಳ್ತಿದೀಯ ಮಾರಾಯ!
ನಿನ್ನೆ ತಾರೀಖು ಹಾಕಿಕೊಡಿ ಅಂತ
ಕೈ ಮುಗಿದವರನ್ನೆಲ್ಲ
ಇಪ್ಪತ್ತೊಂದು ವರ್ಷ ಹಾಗೇ ಕಳಿಸಿದವಳು ನಾನು.
ಹನ್ನೊಂದು ಅಂತಲೇ ಬರಿ, ಅಂದೆ. ದುಂಡಗೆ.

ಸೋಮವಾರ ಕಿರುಬೆರಳಿಗೆ ಜೀವವಿಲ್ಲ.
ಹ್ಯಾಂಡಲ್ ಒತ್ತಿ ಒತ್ತಿ ನರ ಮಲಗಿದೆ,
ಏಳಲು ತಿಂಗಳಾಗಬಹುದು ಅಂದರು ಡಾಕ್ಟರು.
ಠಸ್ಸೆ ಎತ್ತಿದರೆ ವಾಲುತ್ತದೆ,
ಸಾಗರಕ್ಕೆ, ಸೊರಬಕ್ಕೆ, ಹೊಸನಗರಕ್ಕೆ ಹೋಗುವ
ಕಾಗದಗಳ ಮೇಲೆಲ್ಲ ಓರೆಯಾಗಿ ಬೀಳುತ್ತದೆ.
ಓದಬಹುದು.
ತಾರೀಖು ಸರಿಯಾಗೇ ಇದೆ.