ಐದನೆಯದು

ಹತ್ತೊಂಬತ್ತು ವರ್ಷ ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ಪ್ಯೂಪಾ ಮಗುಚಿ ಮಗುಚಿ ನೋಡಿದವಳು ನಾನು.
ಬಾಲದ ಕಡೆಯ ಮಡಿಕೆಯಲ್ಲಿ ಗೀಟಿಗೆ ಗೀಟು ದಾಟಿದ್ದರೆ ಹೆಣ್ಣು,
ಚುಕ್ಕೆಯಿದ್ದರೆ ಗಂಡು.
ಆಮೇಲಾಮೇಲೆ ನೋಡುವುದೂ ಬೇಡವಾಯಿತು,
ಬೆರಳಿಗೇ ತೂಕ ಗೊತ್ತಾಗುತ್ತಿತ್ತು:
ಹೆಣ್ಣೆಂದರೆ ಒಂದು ಗುಲಗಂಜಿ ಹೆಚ್ಚು.

ಅದಕ್ಕೇ ಮುದಸ್ಸಿರ್ ಕರೆಯಲು ಬಂದ.
ಅವರಪ್ಪನ ರೀಲಿಂಗ್ ಶೆಡ್ಡು ನಿಂತು ಮೂರು ವರ್ಷ.
ಬೇಸಿನ್ ಕಿತ್ತ ಜಾಗದಲ್ಲಿ ಹನ್ನೊಂದು ಗಾಜಿನ ತೊಟ್ಟಿ,
ಗೋಡೆಗೆ ಇನ್ನೂ ಬೆಂದ ಹುಳದ ವಾಸನೆ.
"ಪಿಳ್ಳಕ್ಕಾ, ಹುಳ ಬೇರೆ ಮಾಡ್ತಿದ್ದೆಯಲ್ಲ,
ಮೀನು ಮಾಡಿಕೊಡ್ತೀಯಾ? ತಲೆಗೆ ಎರಡು ರೂಪಾಯಿ."

ಸಿಕ್ಲಿಡ್ ಅಂತೆ. ಆಫ್ರಿಕಾದ ಯಾವುದೋ ಕೆರೆಯದಂತೆ.
ನಮ್ಮ ಬೋರಿನ ನೀರು, ಬಿಂದಿಗೆಗೆ ಬಿಳಿ ಕಟ್ಟುವುದು,
ಓಣಿಯ ಮಕ್ಕಳ ಹಲ್ಲು ಕಂದು ಮಾಡಿದ್ದು,
ಅದಕ್ಕೆ ತವರಿನ ನೀರಿನ ಹಾಗಂತೆ.
ಒಂದು ಗಳಿಗೆ ಬೋರಿನ ಮೇಲೆ ಅಭಿಮಾನ ಬಂತು.

ಮೊದಲು ಅವನು ಜೋಡಿ ತಂದಿದ್ದ. ಒಂದಕ್ಕೊಂದು,
ಲಗ್ನಪತ್ರಿಕೆಯಲ್ಲಿ ಇರುತ್ತಾರಲ್ಲ, ಹಾಗೆ.
ಗಂಡು ಹಗಲೂ ರಾತ್ರಿ ಅಟ್ಟಿತು.
ಹೀಟರಿನ ಹಿಂದೆ ಬಾಲ ಹರಿದುಕೊಂಡು ನಿಂತ ಹೆಣ್ಣು
ಆರನೇ ದಿನಕ್ಕೆ ಹೋಯಿತು.
ಇನ್ನೊಂದು ತಂದ. ಅದೂ.
ಆಮೇಲೆ ಚಿಂತಾಮಣಿಯ ಅಂಗಡಿಯವನು ಹೇಳಿದನಂತೆ:
ಒಂದು ಗಂಡಿಗೆ ಐದು ಹೆಣ್ಣು ಬಿಡು, ಏಟು ಹಂಚಿಹೋಗುತ್ತದೆ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ: ೧ಕ್ಕೆ ೫.
ಏಟು ನಿಲ್ಲುವ ಲೆಕ್ಕ ಇಲ್ಲವೇನೋ, ಎಂದೆ.
"ಇಲ್ಲಕ್ಕಾ. ಹಂಚೋ ಲೆಕ್ಕ ಮಾತ್ರ."

ಹುಟ್ಟುವಾಗ ಎಲ್ಲವೂ ನೀಲಿ.
ದೊಡ್ಡ ಗಂಡು ಮಾತ್ರ ಹಳದಿಗೆ ತಿರುಗುತ್ತದೆ, ಸಿಬಿ ಗೂಡಿನ ಹಳದಿ.
ಅರಿಶಿನ ಹಚ್ಚಿಕೊಳ್ಳುವವರು ಅಲ್ಲಿ ಗಂಡಸರು ಎಂದು ನಕ್ಕೆ.
ಆದರೆ ಬಣ್ಣ ನಂಬುವ ಹಾಗಿಲ್ಲ.
ಒದ್ದೆ ಅಂಗೈಯಲ್ಲಿ ಮಗುಚಿ ಹೊಟ್ಟೆಯಡಿಯ ಎರಡು ತೂತು ನೋಡಬೇಕು:
ಸಮ ಇದ್ದರೆ ಗಂಡು, ಒಂದು ದೊಡ್ಡದಿದ್ದರೆ ಹೆಣ್ಣು.
ಪ್ಯೂಪಾ ಸುಮ್ಮನಿರುತ್ತದೆ.
ಮೀನು ಮೈಯೆಲ್ಲ ಬಾಲ ಮಾಡಿಕೊಂಡು ಬೈಯುತ್ತದೆ.

ಹೆಣ್ಣು ಎಡ ಬಕೆಟ್ಟಿಗೆ.
ಹೆಚ್ಚಾದ ಗಂಡು ಬಲಕ್ಕೆ, ಅಲ್ಲಿಂದ ಆಸ್ಕರ್ ಮೀನಿನ ತೊಟ್ಟಿಗೆ.
ಅದರ ಬಾಯಿ ದೊಡ್ಡದು.
ಕೋಠಿಯಲ್ಲೂ ಹಾಗೇ: ಗಂಡು ಚಿಟ್ಟೆಯನ್ನು ಮೂರು ಗಂಟೆ ಕೂಡಿಸಿ, ಬಿಡಿಸಿ,
ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಇನ್ನೊಂದಕ್ಕೆ ಬಿಟ್ಟು, ಆಮೇಲೆ ಗುಂಡಿಗೆ.
ಮೊಟ್ಟೆಯಿಟ್ಟ ಹೆಣ್ಣನ್ನು ಅರೆದು ರೋಗ ಹುಡುಕುತ್ತಿದ್ದರು.
ನನಗೆ ಊಟ ಸೇರುತ್ತಿತ್ತು. ಕೆಲಸ ಅದು.

ಐದನೆಯದು ಕೈಗೆ ಬಂದಾಗ ಎರಡು ತೂತೂ ಸಮ.
ಮತ್ತೆ ನೋಡಿದೆ. ಸಮ.
ಮೈ ಮಾತ್ರ ಅಪ್ಪಟ ನೀಲಿ.
ಹಳದಿಯಾದರೆ ದೊಡ್ಡವನು ಬಿಡುವುದಿಲ್ಲವೆಂದು
ಹೆಣ್ಣಿನ ಬಣ್ಣದಲ್ಲೇ ಉಸಿರು ಬಿಗಿಹಿಡಿದು ಬೆಳೆದಿತ್ತು.
"ಏನಕ್ಕಾ?" ಎಂದ ಮುದಸ್ಸಿರ್, ಪೆನ್ಸಿಲ್ ಹಿಡಿದು.
"ಹೆಣ್ಣು" ಎಂದೆ.
ಹತ್ತೊಂಬತ್ತು ವರ್ಷ ಹೇಳದಿದ್ದ ಸುಳ್ಳು.

ಉಳಿದ ನಾಲ್ಕಕ್ಕೂ ಒಂದೊಂದಾಗಿ ಬಾಯಿ ತುಂಬಿತು.
ಮೊಟ್ಟೆ, ಆಮೇಲೆ ಮರಿ, ಎಲ್ಲ ಬಾಯೊಳಗೇ,
ಇಪ್ಪತ್ತು ದಿನ ಒಂದು ಅಗುಳೂ ನುಂಗದೆ.
"ಐದನೆಯದು ಯಾಕೋ ಹಿಡೀತಿಲ್ಲ" ಎಂದ.
"ಕೆಲವಕ್ಕೆ ಆಗಲ್ಲ ಕಣಪ್ಪ" ಎಂದೆ,
ಇದೇ ಮಾತು ನನ್ನ ಬಗ್ಗೆ ಆಡಿದವರ ದನಿಯಲ್ಲೇ.

ಮಾಘದಲ್ಲಿ ಒಂದು ರಾತ್ರಿ ಕರೆಂಟು ಹೋಗಿ ಗಾಳಿಯ ಮೋಟಾರು ನಿಂತಿತು.
ಬೆಳಿಗ್ಗೆ ದೊಡ್ಡ ಗಂಡು ತೇಲುತ್ತಿತ್ತು.
ನಾಲ್ಕನೇ ದಿನ ಹುಡುಗ ಓಡಿಬಂದ, ಚಪ್ಪಲಿಯಿಲ್ಲದೆ:
"ಪಿಳ್ಳಕ್ಕಾ! ಹೆಣ್ಣು ಗಂಡಾಗ್ತಿದೆ!"
"ಹೌದಾ" ಎಂದೆ. ಅಡಿಕೆ ಇನ್ನೊಂದು ದವಡೆಗೆ ದಾಟಿಸಿದೆ.

ಹೋಗಿ ನೋಡಿದೆ.
ಕಿವಿರಿನ ಹತ್ತಿರ ಹತ್ತಿದ ಅರಿಶಿನ ಬೆನ್ನಿಗೆ ಏರುತ್ತಿತ್ತು.
ಬಾಯಿ ತುಂಬಿದ್ದ ಒಬ್ಬಳನ್ನು, ಕೂಗಲೂ ಬಾಯಿಲ್ಲದವಳನ್ನು,
ಮೂಲೆಯಿಂದ ಮೂಲೆಗೆ ಅಟ್ಟುತ್ತಿತ್ತು.
ಯಾರೂ ಕಲಿಸಿದ್ದಲ್ಲ.
ಇಲ್ಲಾ, ನೀಲಿಯಾಗಿದ್ದಷ್ಟು ದಿನ ನೋಡಿಯೇ ಕಲಿತದ್ದು.

ಒಂದಕ್ಕೆ ನಾಲ್ಕೇ ಈಗ.
ಮುದಸ್ಸಿರ್ ಸೀಮೆಸುಣ್ಣ ಹುಡುಕುತ್ತಿದ್ದ.
ನಾನು ಸೆರಗು ಸಿಕ್ಕಿಸಿ, ಮೊಣಕೈವರೆಗೆ ನೀರಿಗಿಳಿಸಿ,
ಒಡೆದ ಮಡಕೆಯ ಇನ್ನೊಂದು ಹೋಳನ್ನು
ಅವಳಿದ್ದ ಕಡೆಗೆ ಬಾಯಿ ಮಾಡಿ ಇಟ್ಟೆ.